ಚೋಟುದ್ದದ ವೀರರು ಗೂಟಕ್ಕೇರುವ ಲೆಕ್ಕ

ನನ್ನ ಮೇಜಿನ ಮೇಲೆ ಸ್ಪೈಡರ್‌ಮ್ಯಾನ್ ನಿಂತಿದ್ದಾನೆ. ಎತ್ತರ ಎರಡೇ ಇಂಚು. ಪಕ್ಕದಲ್ಲಿ ಅಷ್ಟೇ ಎತ್ತರದ ಒಬ್ಬ ಖಳ. ಖಳನ ಕೂದಲನ್ನು ಉಗುರಿನಿಂದ ಮೀಟಿ ಕಿತ್ತರೆ ಒಳಗೆ ಬೋಳು ತಲೆ. ಮುಂಗೈ ಎಳೆದರೆ ಅದೂ ಕಳಚಿ ಬರುತ್ತದೆ. ಇಬ್ಬರನ್ನೂ ಪಕ್ಕಪಕ್ಕ ಮಲಗಿಸಿ ನೋಡಿ: ಅದೇ ಮೊಂಡು ಎದೆ, ಅದೇ ಉರುಟು ತಲೆ, ಅದೇ 14 ಕೀಲು. ಮೈ ಒಂದೇ ಅಚ್ಚಿನದು. ಒಬ್ಬ ನಾಯಕ, ಇನ್ನೊಬ್ಬ ಖಳ ಎಂಬ ಭೇದವೆಲ್ಲ ಮೇಲೆ ಬಳಿದ ಬಣ್ಣದಲ್ಲಿ, ಸಿಕ್ಕಿಸಿದ ಕೂದಲಿನಲ್ಲಿ.

ಇವುಗಳ ಹೆಸರು ಮಿನಿಮೇಟ್ಸ್. ಮಾರ್ವೆಲ್ ಕಾಮಿಕ್ಸ್‌ನ ಪಾತ್ರಗಳು ಈ ರೂಪದಲ್ಲಿ ಬರಲು ಶುರುವಾಗಿದ್ದು 2003ರಲ್ಲಿ. ಇಂಥ ಗೊಂಬೆಗಳನ್ನು ಕೂಡಿಡುವವರು ನಾಲ್ಕು ಜನ ಸೇರಿದರೆ ಮಾತು ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ. ‘ಇದೇ ಐರನ್‌ಮ್ಯಾನ್ ಮತ್ತೆ ಯಾಕೆ ಬಂದ?’ ‘ನಮ್ಮವನು ಇನ್ನೂ ಯಾಕೆ ಬರಲಿಲ್ಲ?’ ಕಂಪನಿಯವರಿಗೆ ಕಥೆ ಗೊತ್ತಿಲ್ಲ, ಅಭಿರುಚಿ ಇಲ್ಲ ಎಂದು ಬೈಯುವುದು ರೂಢಿ. ನಾನೂ ಬೈದವನೇ. ಆದರೆ ಯಾವ ಗೊಂಬೆ ಹುಟ್ಟಬೇಕು ಎಂದು ತೀರ್ಮಾನಿಸುವುದರಲ್ಲಿ ಅಭಿರುಚಿಯ ಪಾಲು ಕಡಿಮೆ. ಅಚ್ಚಿನ ಖರ್ಚು, ಅಂಗಡಿಯವನ ಆರ್ಡರು, ರಟ್ಟಿನ ಪೆಟ್ಟಿಗೆಯೊಳಗಿನ ಹಂಚಿಕೆ, ಇವೇ ಮುಕ್ಕಾಲುಪಾಲು ನಿರ್ಧರಿಸುತ್ತವೆ.

ಮೊದಲು ಅಚ್ಚು. ಪ್ಲಾಸ್ಟಿಕ್ ಕಾಯಿಸಿ ಒತ್ತಡದಲ್ಲಿ ತುಂಬುವ ಅಚ್ಚನ್ನು ಉಕ್ಕಿನಲ್ಲಿ ಕೊರೆಯಬೇಕು. ಗೊಂಬೆ ಚಿಕ್ಕದೆಂದು ಆ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಲೆಕ್ಕ ತಿಳಿಯಲು ಹೀಗೆ ಇಟ್ಟುಕೊಳ್ಳಿ: ಅಚ್ಚಿಗೆ 20 ಲಕ್ಷ ರೂಪಾಯಿ. ಒಂದು ಲಕ್ಷ ಗೊಂಬೆ ಹೋದರೆ ತಲೆಗೆ 20 ರೂಪಾಯಿ ಬಿತ್ತು. ಐದೇ ಸಾವಿರ ಹೋದರೆ 400. ಪ್ಲಾಸ್ಟಿಕ್ಕು, ಬಣ್ಣ, ಕೂಲಿ, ಹಡಗು ಬಾಡಿಗೆ, ಪಾತ್ರದ ಒಡೆಯರಿಗೆ ಕೊಡುವ ರಾಯಧನ, ಅಂಗಡಿಯ ಲಾಭ, ಎಲ್ಲವೂ ಇದರ ಮೇಲೆ. ಹಾಗಾಗಿ ಹೊಸ ಅಚ್ಚು ಬೇಡುವ ಪಾತ್ರ ಬಾಗಿಲ ಹೊರಗೇ ನಿಲ್ಲುತ್ತದೆ, ಹಳೆಯ ಮೈಗೆ ಹೊಸ ಬಣ್ಣ ಬಳಿದರೆ ಸಾಕು ಎನ್ನುವ ಪಾತ್ರ ಸಲೀಸಾಗಿ ಒಳಗೆ ಬರುತ್ತದೆ. ಅದೇ ಐರನ್‌ಮ್ಯಾನ್ ಒಮ್ಮೆ ಕೆಂಪು, ಒಮ್ಮೆ ಬೆಳ್ಳಿ, ಒಮ್ಮೆ ಕಪ್ಪು ಬಣ್ಣದಲ್ಲಿ ಬರುವ ಗುಟ್ಟು ಇಷ್ಟೇ. ರೆಕ್ಕೆಯೋ ಬಾಲವೋ ನಾಲ್ಕು ಕೈಯೋ ಇರುವವನ ಗ್ರಹಗತಿ ನೆಟ್ಟಗಿರಬೇಕು.

ಈ ಜಿಪುಣತನ ಇವತ್ತಿನದಲ್ಲ. 1980ರ ದಶಕದ ಮೊದಲರ್ಧದಲ್ಲಿ ಡಿಸಿ ಕಾಮಿಕ್ಸ್‌ನ ಪಾತ್ರಗಳ ಹಕ್ಕು ಕೆನ್ನರ್ ಕಂಪನಿಗೆ ಹೋಯಿತು. ಪ್ರತಿಸ್ಪರ್ಧಿ ಮ್ಯಾಟೆಲ್ ಮಾರ್ವೆಲ್‌ನ ಕೈ ಹಿಡಿಯಿತು. ಮಕ್ಕಳಿಗೆ ‘ಸೀಕ್ರೆಟ್’, ‘ವಾರ್ಸ್’ ಎಂಬ ಶಬ್ದಗಳು ಹಿಡಿಸುತ್ತವೆಂದು ಮ್ಯಾಟೆಲ್ ಪತ್ತೆಹಚ್ಚಿತ್ತು. ಮಾರ್ವೆಲ್‌ನ ಜಿಮ್ ಶೂಟರ್ ‘ಸೀಕ್ರೆಟ್ ವಾರ್ಸ್’ ಎಂಬ ಹೆಸರಿಗೆ ತಕ್ಕಂತೆ 12 ಸಂಚಿಕೆಗಳ ಕಾಮಿಕ್ಸನ್ನೇ ಬರೆದರು. ಗೊಂಬೆಗಾಗಿ ಕಥೆ ಹುಟ್ಟಿತು ಎನ್ನಿ. ಆ ಸರಣಿಯ ಬಹುಪಾಲು ಗೊಂಬೆಗಳು ಒಂದೇ ಮೈಗೆ ಬೇರೆ ಬೇರೆ ತಲೆ ಸಿಕ್ಕಿಸಿದಂಥವು. ಕೆನ್ನರ್‌ನ ‘ಸೂಪರ್ ಪವರ್ಸ್’ ಗೊಂಬೆಗಳಲ್ಲಾದರೋ ಕಾಲು ಒತ್ತಿದರೆ ಕೈ ಗುದ್ದುತ್ತಿತ್ತು, ಒಬ್ಬೊಬ್ಬರಿಗೂ ಒಂದೊಂದು ಚಲನೆ. ಎರಡನ್ನೂ ಕೈಯಲ್ಲಿ ಹಿಡಿದವರಿಗೆ ಯಾರು ಕಾಸು ಸುರಿದರು, ಯಾರು ಉಳಿಸಿದರು ಎಂದು ಬಿಡಿಸಿ ಹೇಳಬೇಕಿಲ್ಲ.

ಅಳತೆಯ ಮಾತೂ ಬಂತು. ಮೂರೂಮುಕ್ಕಾಲು ಇಂಚನ್ನು ಜನಪ್ರಿಯ ಮಾಡಿದ್ದು ಇದೇ ಕೆನ್ನರ್, 1978ರ ಸ್ಟಾರ್ ವಾರ್ಸ್ ಗೊಂಬೆಗಳಿಂದ. ಕಂಪನಿಯ ಮುಖ್ಯಸ್ಥ ಬರ್ನಾರ್ಡ್ ಲೂಮಿಸ್ ಹೆಬ್ಬೆರಳು ತೋರುಬೆರಳು ಅಗಲಿಸಿ ‘ಇಷ್ಟುದ್ದ ಸಾಕು’ ಎಂದರಂತೆ, ಅಳೆದರೆ ಮೂರೂಮುಕ್ಕಾಲು ಬಂತಂತೆ ಎಂಬ ಕಥೆ ಆಟಿಕೆ ಲೋಕದಲ್ಲಿ ಓಡಾಡುತ್ತದೆ. ನಮ್ಮ ಚೋಟಿನ ಲೆಕ್ಕವೇ ಅದು! ಗೊಂಬೆ ಚಿಕ್ಕದಾದರೆ ಅದು ಕೂರುವ ವಿಮಾನವನ್ನೂ ಮಾರಬಹುದು ಎಂಬುದು ಇದರ ಹಿಂದಿನ ವ್ಯಾಪಾರ.

ಇನ್ನು ಅಂಗಡಿ. ಗೊಂಬೆ ಕಂಪನಿಯ ನಿಜವಾದ ಗಿರಾಕಿ ನೀವೂ ಅಲ್ಲ, ನಾನೂ ಅಲ್ಲ. ಅಮೆರಿಕದ ದೊಡ್ಡ ಅಂಗಡಿ ಸರಣಿಯಲ್ಲಿ ಕೂತು ತಿಂಗಳುಗಟ್ಟಲೆ ಮೊದಲೇ ಆರ್ಡರು ಹಾಕುವ ಖರೀದಿ ಅಧಿಕಾರಿ. ಅವನು ಒಲ್ಲೆ ಎಂದರೆ ಬಣ್ಣ ಹಚ್ಚಿ ಸಿದ್ಧವಾದ ಮಾದರಿಯೂ ಕಪಾಟು ಸೇರುತ್ತದೆ. ಮಿನಿಮೇಟ್ಸ್‌ಗೆ ಎರಡು ದಾರಿಗಳಿದ್ದವು. ಒಂದು, ಕಾಮಿಕ್ಸ್ ಅಂಗಡಿಗಳು. ಅವು ಸಗಟು ಕ್ಯಾಟಲಾಗ್ ನೋಡಿ ಮುಂಗಡ ಆರ್ಡರು ಕೊಡಬೇಕಿತ್ತು, ಉಳಿದ ಮಾಲನ್ನು ವಾಪಸು ಕಳಿಸುವಂತಿರಲಿಲ್ಲ. ಆದ್ದರಿಂದ ಅಂಗಡಿಯವನು ಅಳೆದು ಸುರಿದು ಆರ್ಡರು ಹಾಕುತ್ತಿದ್ದ. ಇನ್ನೊಂದು, ಟಾಯ್ಸ್ ಆರ್ ಅಸ್ ಮಳಿಗೆಗಳು. ಇಬ್ಬಿಬ್ಬರಾಗಿ ಬರುತ್ತಿದ್ದ ಈ ಗೊಂಬೆಗಳ ಕೆಲವು ಜೋಡಿಗಳು ಅಲ್ಲಿಗೇ ಮೀಸಲು. ಎರಡೂ ಕಡೆಯ ಆರ್ಡರು ಕೂಡಿದಾಗ ಅಚ್ಚಿನ ಖರ್ಚು ಹಂಚಿಹೋಗುತ್ತಿತ್ತು. 2018ರಲ್ಲಿ ಟಾಯ್ಸ್ ಆರ್ ಅಸ್ ಅಮೆರಿಕದಲ್ಲಿ ಬಾಗಿಲು ಹಾಕಿದಾಗ ಸಂಗ್ರಾಹಕರು ಗಾಬರಿಯಾಗಿದ್ದು ಈ ಕಾರಣಕ್ಕೆ. ಮುಚ್ಚಿದ್ದು ಬರೀ ಒಂದು ಅಂಗಡಿಯಲ್ಲ, ಲೆಕ್ಕದ ಅರ್ಧ ಭಾಗ. ಮಿನಿಮೇಟ್ಸ್ ತಯಾರಕರ ಮಾತೃಸಂಸ್ಥೆಯೂ ಕಾಮಿಕ್ಸ್ ಸಗಟುದಾರನೂ ಆದ ಡೈಮಂಡ್ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ ಇನ್ನೊಂದು ದಾರಿಯೂ ಕುಸಿಯಿತು.

ಈಗ ಪೆಟ್ಟಿಗೆ. ನನ್ನ ಮಟ್ಟಿಗೆ ಇಡೀ ಆಟದ ಮರ್ಮ ಇರುವುದು ಇಲ್ಲಿ. ಅಂಗಡಿಗೆ ಗೊಂಬೆಗಳು ಬಿಡಿಬಿಡಿಯಾಗಿ ಬರುವುದಿಲ್ಲ. ‘ನನಗೆ ಹತ್ತು ಹಲ್ಕ್, ನಾಲ್ಕು ಥಾರ್’ ಎಂದು ಆರಿಸುವ ಸ್ವಾತಂತ್ರ್ಯ ದೊಡ್ಡ ಮಳಿಗೆಗೂ ಸಾಮಾನ್ಯವಾಗಿ ಇಲ್ಲ. ಬರುವುದು ಕಲಸಿಟ್ಟ ಪೆಟ್ಟಿಗೆ. ಎಂಟು ಗೊಂಬೆಯ ಪೆಟ್ಟಿಗೆ ಎಂದುಕೊಳ್ಳಿ: ಸಿನಿಮಾದ ನಾಯಕ ಇಬ್ಬರು ಮೂವರು, ಅವನ ಗೆಳೆಯರು ಮೂವರು ನಾಲ್ವರು, ಯಾರೂ ಕೇಳರಿಯದ ಖಳ ಒಬ್ಬ. ಹುಡುಗರಿಗೆ ನಾಯಕ ಬೇಕು ಎಂಬ ಊಹೆಯ ಮೇಲೆ ಈ ಹಂಚಿಕೆ. ಆ ಒಂಟಿ ಖಳನನ್ನು ಸಂಗ್ರಾಹಕರ ಭಾಷೆಯಲ್ಲಿ ‘ಶಾರ್ಟ್ ಪ್ಯಾಕ್’ ಎನ್ನುತ್ತಾರೆ. ಪೆಟ್ಟಿಗೆ ಒಡೆದ ದಿನವೇ ಅವನು ಮಾಯ. ಎರಡು ದಿನ ಕಳೆದು ಹೋದವರಿಗೆ ಸಿಗುವುದು ಕೊಕ್ಕೆಗೆ ಜೋತುಬಿದ್ದ ಮೂರು ನಾಯಕರು.

ಮುಂದಿನ ಎಡವಟ್ಟು ಇನ್ನೂ ಸ್ವಾರಸ್ಯದ್ದು. ಎಷ್ಟೋ ಸರಣಿಗಳಲ್ಲಿ ಪೆಟ್ಟಿಗೆಯ ಎಲ್ಲ ಗೊಂಬೆಗಳಿಗೂ ಒಂದೇ ಬಾರ್‌ಕೋಡ್ ಇರುತ್ತಿತ್ತು. ಅಂಗಡಿಯ ಕಂಪ್ಯೂಟರಿಗೆ ಹಲ್ಕೂ ಒಂದೇ, ಹೆಸರಿಲ್ಲದ ಸೈನಿಕನೂ ಒಂದೇ. ಅದು ನೋಡುವುದು ಕೊಕ್ಕೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಮಾತ್ರ. ಆರು ನಾಯಕರು ಬಿಕರಿಯಾಗದೆ ನೇತಾಡುತ್ತಿದ್ದರೆ ‘ಮಾಲು ಇದೆ’ ಎಂದು ಹೊಸ ಆರ್ಡರು ನಿಲ್ಲುತ್ತದೆ. ಉಗ್ರಾಣದಲ್ಲಿ ಮುಂದಿನ ಕಂತು ಬಂದು ಕೂತಿದ್ದರೂ ಗೂಟ ಖಾಲಿಯಾಗುವತನಕ ಹೊರಗೆ ಬಾರದು. ಗೂಟವನ್ನು ಬೆಚ್ಚಗಿಟ್ಟುಕೊಂಡು ಕೂತ ಇಂಥ ಗೊಂಬೆಗೆ ಅಮೆರಿಕದವರು ‘ಪೆಗ್ ವಾರ್ಮರ್’ ಎಂದು ಹೆಸರಿಟ್ಟಿದ್ದಾರೆ. ಊಟ ಮುಗಿದರೂ ಪಂಕ್ತಿಯಿಂದ ಏಳದವನಂತೆ, ಅವನೆದ್ದರೆ ತಾನೇ ಮುಂದಿನ ಎಲೆ! ಕೊನೆಗೆ ರಿಯಾಯಿತಿ ಚೀಟಿ ಅಂಟಿಸಿ ಎಬ್ಬಿಸುತ್ತಾರೆ. ಅಷ್ಟರಲ್ಲಿ ಖರೀದಿ ಅಧಿಕಾರಿಯ ವರದಿಯಲ್ಲಿ ‘ಈ ಸರಣಿ ಓಡಲಿಲ್ಲ’ ಎಂದು ಬರೆದಾಗಿರುತ್ತದೆ.

ಸರಣಿಯ ಕೊನೆಯ ಕಂತಿನ ಗೊಂಬೆಗಳಿಗೆ ಬೆಲೆ ಏರುವುದು ಹೀಗೆ. ಆರ್ಡರು ಇಳಿಯುತ್ತದೆ, ಕಡಿಮೆ ತಯಾರಾಗುತ್ತದೆ, ನಿಂತೇ ಹೋಗುತ್ತದೆ. ಸೂಪರ್ ಪವರ್ಸ್ ಸರಣಿಯ ಕೊನೆಯ ಕಂತು 1986ರದು. ಅದರ ಸೈಬೋರ್ಗ್ ಇವತ್ತಿಗೂ ಆ ಸರಣಿಯಲ್ಲಿ ಕೈಗೆಟುಕದವರಲ್ಲಿ ಒಬ್ಬ. ಸೀಕ್ರೆಟ್ ವಾರ್ಸ್‌ನ ಐಸ್‌ಮ್ಯಾನ್, ಎಲೆಕ್ಟ್ರೊ, ಕನ್‌ಸ್ಟ್ರಿಕ್ಟರ್ ಅಮೆರಿಕದ ಅಂಗಡಿ ಕಾಣಲೇ ಇಲ್ಲ, ಯೂರೋಪಿನಲ್ಲಷ್ಟೇ ಮಾರಾಟವಾದರು.

ಸ್ತ್ರೀಪಾತ್ರಗಳ ಕಥೆಯನ್ನು ಇದೇ ಬೆಳಕಿನಲ್ಲಿ ನೋಡಬೇಕು. ಸೀಕ್ರೆಟ್ ವಾರ್ಸ್ ಸರಣಿಯಲ್ಲಿ ಒಬ್ಬ ಹೆಣ್ಣೂ ಇಲ್ಲ. ಸೂಪರ್ ಪವರ್ಸ್‌ನಲ್ಲಿ ವಂಡರ್ ವುಮನ್ ಒಬ್ಬಳೇ. ‘ಹುಡುಗರು ಹೆಣ್ಣು ಗೊಂಬೆ ಕೊಳ್ಳುವುದಿಲ್ಲ’ ಎಂಬ ನಂಬಿಕೆ. ನಂಬಿದ್ದರಿಂದ ಪೆಟ್ಟಿಗೆಗೆ ಒಂದು, ಒಂದೇ ಇದ್ದುದರಿಂದ ಒಟ್ಟು ಮಾರಾಟ ಕಡಿಮೆ, ಕಡಿಮೆ ಮಾರಾಟದಿಂದ ನಂಬಿಕೆ ಇನ್ನೂ ಗಟ್ಟಿ. 2015ರ ‘ಏಜ್ ಆಫ್ ಅಲ್ಟ್ರಾನ್’ ಚಿತ್ರದಲ್ಲಿ ವಿಮಾನದಿಂದ ಬೈಕಿನಲ್ಲಿ ಜಿಗಿಯುವವಳು ಬ್ಲ್ಯಾಕ್ ವಿಡೋ, ಆಟಿಕೆ ಸೆಟ್ಟಿನಲ್ಲಿ ಆ ಬೈಕಿನ ಮೇಲೆ ಕೂತವನು ಕ್ಯಾಪ್ಟನ್ ಅಮೆರಿಕ. ಹಲ್ಕ್ ಪಾತ್ರಧಾರಿ ಮಾರ್ಕ್ ರಫೆಲೊ ಬಹಿರಂಗವಾಗಿಯೇ ಕೇಳಿದ, ನನ್ನ ಹೆಣ್ಣುಮಕ್ಕಳಿಗೆ, ಒಡಹುಟ್ಟಿದವರ ಹೆಣ್ಣುಮಕ್ಕಳಿಗೆ ಬ್ಲ್ಯಾಕ್ ವಿಡೋ ಎಲ್ಲಿ ಎಂದು. ಮರುವರ್ಷ ನಿರ್ದೇಶಕ ಶೇನ್ ಬ್ಲ್ಯಾಕ್ ಇನ್ನೊಂದು ಸಂಗತಿ ಬಾಯಿಬಿಟ್ಟ: ‘ಐರನ್‌ಮ್ಯಾನ್ 3’ ಚಿತ್ರಕಥೆಯಲ್ಲಿ ಖಳಪಾತ್ರ ಮೊದಲು ಹೆಣ್ಣಾಗಿತ್ತು, ಆ ಗೊಂಬೆ ಮಾರಾಟವಾಗದೆಂದು ಗಂಡಾಯಿತು. ಇಲ್ಲಿ ಮಾತ್ರ ನಾನು ಕಂಪನಿಗಳ ಪರ ವಾದಿಸಲಾರೆ. ತಾವೇ ಹಾಕದ ಬೀಜದ ಫಸಲು ಬರಲಿಲ್ಲವೆಂದು ಹೊಲವನ್ನು ದೂರಿದ ಹಾಗಾಯಿತು.

ಓಡದ ಪಾತ್ರವನ್ನು ಓಡಿಸುವ ಉಪಾಯಗಳೂ ಇವೆ. ಮಿನಿಮೇಟ್ಸ್ ಜೋಡಿಯಾಗಿ ಬರುತ್ತಿದ್ದುದೇ ಅಂಥದ್ದೊಂದು. ಸ್ಪೈಡರ್‌ಮ್ಯಾನ್ ಹೆಗಲೇರಿ ಅಪರಿಚಿತ ಖಳ ಮನೆ ಸೇರುತ್ತಿದ್ದ, ಹಿಂದೆ ಸಕ್ಕರೆ ಬೇಕಾದರೆ ಸೋಪೂ ಕೊಳ್ಳಿ ಎನ್ನುತ್ತಿದ್ದ ಅಂಗಡಿಯವರ ಹಾಗೆ. ಇನ್ನೂ ಜಾಣತನದ್ದು 2005ರಲ್ಲಿ ಟಾಯ್ ಬಿಜ್ ಕಂಪನಿ ಆರಿಂಚಿನ ಮಾರ್ವೆಲ್ ಲೆಜೆಂಡ್ಸ್ ಸರಣಿಯಲ್ಲಿ ತಂದದ್ದು. ಒಂದೊಂದು ಗೊಂಬೆಯ ಜೊತೆ ದೈತ್ಯ ಗ್ಯಾಲಕ್ಟಸ್‌ನ ಒಂದೊಂದು ಅಂಗ. ಕಂತಿನ ಎಲ್ಲರನ್ನೂ ಕೊಂಡರೆ ಮಾತ್ರ ದೈತ್ಯ ಎದ್ದು ನಿಲ್ಲುತ್ತಾನೆ. ಎಡಗಾಲಿಗಾಗಿ ಬೇಡದವನನ್ನು ಕೊಂಡ ಪಾಪದಲ್ಲಿ ನನ್ನ ಪಾಲೂ ಇದೆ.

ಟಾಯ್ ಬಿಜ್ ಹೆಸರು ಬಂದಾಗ ಒಂದು ಕೋರ್ಟು ಕಥೆ ಹೇಳದೆ ಇರಲಾಗದು. ಅಮೆರಿಕದ ಆಮದು ಸುಂಕದಲ್ಲಿ ಮನುಷ್ಯರನ್ನಷ್ಟೇ ಬಿಂಬಿಸುವ ‘ಡಾಲ್’ಗೆ ಶೇ 12, ಬೇರೆ ‘ಟಾಯ್’ಗೆ ಶೇ 6.8 ಇತ್ತು. ಎಕ್ಸ್‌-ಮೆನ್ ಮನುಷ್ಯರಲ್ಲ, ಆದ್ದರಿಂದ ಕಡಿಮೆ ಸುಂಕ ಸಾಕು ಎಂದು ಕಂಪನಿ ವಾದಿಸಿತು. 2003ರಲ್ಲಿ ನ್ಯಾಯಾಲಯ ಒಪ್ಪಿತು. ನಾವೂ ಮನುಷ್ಯರೇ ಎಂದು ಕಾಮಿಕ್ಸಿನ ಪುಟಪುಟದಲ್ಲಿ ಗೋಳಿಟ್ಟವರನ್ನು ಅವರದೇ ಗೊಂಬೆ ಮಾಡುವವರು ಕಟಕಟೆಯಲ್ಲಿ ಕೈಬಿಟ್ಟರು.

ಅಂಗಡಿಯವನನ್ನೇ ಪಕ್ಕಕ್ಕೆ ಸರಿಸಿ ಸಂಗ್ರಾಹಕರ ಮುಂದೆ ನೇರವಾಗಿ ತಟ್ಟೆ ಹಿಡಿಯುವ ಪದ್ಧತಿಯನ್ನು ಆಟಿಕೆ ಕಂಪನಿ ಹ್ಯಾಸ್‌ಬ್ರೊ 2018ರಲ್ಲಿ ಹ್ಯಾಸ್‌ಲ್ಯಾಬ್ ಹೆಸರಲ್ಲಿ ಶುರುಮಾಡಿತು. ಇಷ್ಟು ಜನ ಮುಂಗಡ ಬುಕ್ ಮಾಡಿದರೆ ತಯಾರಿಸುತ್ತೇವೆ, ಇಲ್ಲವಾದರೆ ಇಲ್ಲ. 2020ರಲ್ಲಿ 350 ಡಾಲರಿನ ಸೆಂಟಿನೆಲ್ ಯಂತ್ರಮಾನವನಿಗೆ ಬೇಕಿದ್ದುದು 6,000 ಜನ, ಬಂದವರು 20 ಸಾವಿರಕ್ಕೂ ಹೆಚ್ಚು. 2022ರಲ್ಲಿ ಅದೇ ದರದ ಘೋಸ್ಟ್ ರೈಡರ್ ಕಾರಿಗೆ 9,000 ಕೇಳಿದರು, ಗುರಿ ಮುಟ್ಟಲಿಲ್ಲ, ಕಾರು ಹುಟ್ಟಲಿಲ್ಲ. ‘ಬಂದರೆ ನಾನಂತೂ ಕೊಳ್ಳುತ್ತೇನೆ’ ಎನ್ನುವವರೆಲ್ಲ ಕೊಳ್ಳುವವರಲ್ಲ ಎಂಬುದು ಅಲ್ಲಿ ಎಲ್ಲರ ಕಣ್ಣೆದುರೇ ಬಯಲಾಯಿತು.

ಬೆಂಗಳೂರು, ಮೈಸೂರಿನ ಸಂಗ್ರಾಹಕರಿಗೆ ಮೇಲಿನ ಜರಡಿಗಳ ಜೊತೆ ಇನ್ನೆರಡು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮುದ್ರೆಯೂ ಕಡ್ಡಾಯ. ಅಲ್ಲಿನ ಖರೀದಿ ಅಧಿಕಾರಿ ಒಪ್ಪಿದ ಪೆಟ್ಟಿಗೆಗಳಲ್ಲಿ ಇಲ್ಲಿನ ಆಮದುದಾರ ಗಟ್ಟಿ ಕುಳವನ್ನು ಮಾತ್ರ ಆರಿಸಿಕೊಳ್ಳುತ್ತಾನೆ, ಅಂದರೆ ಮತ್ತೆ ಅದೇ ಸ್ಪೈಡರ್‌ಮ್ಯಾನ್. ಒಂದು ಕಾಲದಲ್ಲಿ ಫನ್‌ಸ್ಕೂಲ್ ಜಿ.ಐ. ಜೋ ಗೊಂಬೆಗಳನ್ನು ಭಾರತದಲ್ಲೇ ಅಚ್ಚು ಹಾಕುತ್ತಿತ್ತು. ಅಮೆರಿಕದ ಮಾದರಿಗಿಂತ ಬೇರೆಯಾದ ಅವುಗಳ ಬಣ್ಣಕ್ಕೆ ಮರುಳಾಗಿ ಇವತ್ತು ಹೊರದೇಶದವರು ಹುಡುಕಿಕೊಂಡು ಬರುತ್ತಾರೆ. ಅಟ್ಟದ ಮೇಲಿನ ಹಳೆಯ ಡಬ್ಬವನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿ.

ಕೊಳ್ಳುವವರಿಗೆ ನನ್ನದೊಂದು ಮಾತು. ಹೊಸ ಕಂತಿನ ಪಟ್ಟಿ ಬಂದಾಗ ಪೆಟ್ಟಿಗೆಯಲ್ಲಿ ಯಾರು ಎಷ್ಟು ಮಂದಿ ಎಂಬುದನ್ನು ಮೊದಲು ನೋಡಿ. ಒಬ್ಬನೇ ಇರುವವನನ್ನು ಮುಂಗಡ ಬುಕ್ ಮಾಡಿ, ಬೆಲೆಗೆ ಕಚ್ಚಾಡಬೇಡಿ. ಮೂರು ಮಂದಿ ಇರುವ ನಾಯಕನನ್ನು ಮುಟ್ಟಲೇಬೇಡಿ. ಆರು ತಿಂಗಳು ಕಳೆದ ಮೇಲೆ ಹೋದರೂ ಅವನು ಅದೇ ಗೂಟದಲ್ಲಿ, ಅರ್ಧ ಬೆಲೆಯ ಚೀಟಿ ಅಂಟಿಸಿಕೊಂಡು ನಿಮಗಾಗಿ ಕಾಯುತ್ತಿರುತ್ತಾನೆ.