ಪದ ಬಿಡಿ, ಅರ್ಥ ಬಿಡಬೇಡಿ

‘ವೈಲ್ ಐ ವಾಸ್ ವೇಟಿಂಗ್ ಫಾರ್ ದ ಬಸ್, ಐ ರೆಡ್ ದ ಪೇಪರ್’ ಎನ್ನುವ ಬದಲು ‘ವೈಲ್ ವೇಟಿಂಗ್ ಫಾರ್ ದ ಬಸ್, ಐ ರೆಡ್ ದ ಪೇಪರ್’ ಎಂದರೆ ಇಂಗ್ಲಿಷಿನಲ್ಲಿ ಧಾರಾಳವಾಗಿ ಸಾಕು. ವೈಲ್ ಎಂಬ ಸಂಯೋಜಕದ ನಂತರ ಕರ್ತೃಪದವನ್ನೂ ‘ವಾಸ್’ ಎಂಬ ಕ್ರಿಯಾಪದವನ್ನೂ ಬಿಟ್ಟಿದ್ದೇವೆ. ವೆನ್, ಇಫ್, ದೋ, ಅನ್‌ಲೆಸ್, ಒನ್ಸ್ ಮುಂತಾದವುಗಳ ನಂತರವೂ ಹೀಗೆ ಬಿಡಬಹುದು: ‘ದೋ ಟಯರ್ಡ್, ಶಿ ಕೆಪ್ಟ್ ವರ್ಕಿಂಗ್.’ ಆದರೆ ‘ಬಿಕಾಸ್ ಟಯರ್ಡ್, ಶಿ ಸ್ಲೆಪ್ಟ್’ ಶಿಷ್ಟ ಇಂಗ್ಲಿಷಿಗೆ ಒಗ್ಗುವುದಿಲ್ಲ. ಅಲ್ಲಿ ‘ಶಿ ವಾಸ್’ ಬೇಕೇ ಬೇಕು. ಅಂದರೆ ಪದ ಬಿಡುವುದು ಸೋಮಾರಿತನವಲ್ಲ, ಅದಕ್ಕೂ ಕಟ್ಟುಪಾಡಿದೆ. ಬಿಟ್ಟದ್ದನ್ನು ಓದುಗ ತಾನೇ ತುಂಬಿಕೊಳ್ಳಲು ಬರಬೇಕು. ಬಿಟ್ಟ ಕರ್ತೃ ಮುಖ್ಯವಾಕ್ಯದ ಕರ್ತೃವೇ ಆಗಿರಬೇಕು.

ಕನ್ನಡಿಗರು ಎಡವುವುದು ಈ ಎರಡನೆಯ ಷರತ್ತಿನಲ್ಲಿ. ‘ರಸ್ತೆ ದಾಟುವಾಗ ಬಸ್ಸು ಅವನಿಗೆ ಗುದ್ದಿತು’ ಎಂಬುದು ಒಳ್ಳೆಯ ಕನ್ನಡ. ‘ದಾಟುವಾಗ’ ಎಂಬ ರೂಪಕ್ಕೆ ಬೇರೆ ಕರ್ತೃ ಇರಬಹುದು. ಅದನ್ನೇ ‘ವೈಲ್ ಕ್ರಾಸಿಂಗ್ ದ ರೋಡ್, ಎ ಬಸ್ ಹಿಟ್ ಹಿಮ್’ ಎಂದರೆ ವ್ಯಾಕರಣದ ಪ್ರಕಾರ ರಸ್ತೆ ದಾಟುತ್ತಿದ್ದದ್ದು ಬಸ್ಸು. ಇಂಗ್ಲಿಷಿನ ಈ ರಚನೆ ನಮ್ಮ ‘ದಾಟುತ್ತಾ’ ಎಂಬುದಕ್ಕೆ ಹೆಚ್ಚು ಹತ್ತಿರ. ‘ರಸ್ತೆ ದಾಟುತ್ತಾ ಬಸ್ಸು ಗುದ್ದಿತು’ ಎಂದರೆ ನಮ್ಮ ಕಿವಿಗೂ ಬಸ್ಸೇ ದಾಟಿದಂತೆ ಕೇಳುತ್ತದೆ. ಸಂದರ್ಭದಿಂದ ಅರ್ಥವಾಗುತ್ತದಲ್ಲ ಎನ್ನಬಹುದು. ಇಲ್ಲೇನೋ ಆಗುತ್ತದೆ. ಆದರೆ ‘ವೈಲ್ ಡ್ರೈವಿಂಗ್, ದ ಕಾನ್‌ಸ್ಟೆಬಲ್ ಸಾ ಹಿಮ್’ ಎಂದು ದೂರಿನಲ್ಲಿ ಬರೆದರೆ ಗಾಡಿ ಓಡಿಸುತ್ತಿದ್ದವರು ಯಾರು? ಹಾಗಾದರೆ ‘ಇಫ್ ನೆಸಸರಿ, ಕಾಲ್ ಮಿ’ ಹೇಗೆ ಸರಿ ಎಂದೂ ಕೇಳಬಹುದು. ಅಲ್ಲಿ ಬಿಟ್ಟಿರುವುದು ‘ಇಟ್ ಈಸ್’. ರೂಢಿಯಲ್ಲಿ ನೆಲೆಯಾದ ಆ ಮಾತಿನಲ್ಲಿ ಗೊಂದಲಕ್ಕೆ ಎಡೆಯಿಲ್ಲ.

‘ದ್ಯಾನ್’ ಬಗ್ಗೆ ಹಳೆಯ ಜಗಳವೇ ಇದೆ. 1762ರಲ್ಲಿ ಇಂಗ್ಲಿಷ್ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಲೌತ್, ಬಿಟ್ಟುಹೋದ ಪದವನ್ನು ತುಂಬಿ ನೋಡಿ ರೂಪ ನಿರ್ಧರಿಸಬೇಕೆಂದರು. ‘ದ್ಯಾನ್ ಐ ಆಮ್’ ಎಂಬುದರಲ್ಲಿ ‘ಆಮ್’ ಬಿಟ್ಟಿರುವುದರಿಂದ ‘ಟಾಲರ್ ದ್ಯಾನ್ ಐ’ ಸರಿ ಎಂಬುದು ಈ ತರ್ಕ. ಆಡುಮಾತಿನಲ್ಲಿ ಎಲ್ಲೆಡೆ ‘ದ್ಯಾನ್ ಮಿ’ ಕೇಳುತ್ತದೆ. ಅದನ್ನು ತಪ್ಪೆನ್ನುವ ಹಟ ಇಂದು ಬೇಡ. ಆದರೂ ಲೌತರ ಪರೀಕ್ಷೆ ಉಳಿಯಬೇಕು. ‘ಶಿ ಲೈಕ್ಸ್ ಹಿಮ್ ಮೋರ್ ದ್ಯಾನ್ ಮಿ’ ಎಂಬುದಕ್ಕೆ ಎರಡು ಅರ್ಥ ಬರುತ್ತದೆ: ನನಗಿಂತ ಅವನೇ ಅವಳಿಗೆ ಹೆಚ್ಚು ಇಷ್ಟ ಎಂದು ಒಂದು, ಅವನನ್ನು ನಾನು ಮೆಚ್ಚುವುದಕ್ಕಿಂತ ಅವಳು ಹೆಚ್ಚು ಮೆಚ್ಚುತ್ತಾಳೆ ಎಂದು ಇನ್ನೊಂದು. ಎರಡನೆಯದು ಉದ್ದೇಶವಾದರೆ ‘ದ್ಯಾನ್ ಐ ಡು’ ಎಂದು ಕ್ರಿಯಾಪದವನ್ನು ಉಳಿಸಿಕೊಳ್ಳಬೇಕು. ಇಂಗ್ಲಿಷ್ ಕಲಿಸುವವರು ಮಕ್ಕಳಿಗೆ ಪದ ಬಿಡುವುದನ್ನು ಹೇಳಿಕೊಡುವ ಮೊದಲು ತುಂಬುವುದನ್ನು ಕಲಿಸಲಿ. ತುಂಬಲು ಬಂದವರಿಗೆ ಎಲ್ಲಿ ಬಿಡಬಾರದೆಂಬುದೂ ಗೊತ್ತಾಗುತ್ತದೆ.