ಔಷಧ ಹಾಕದ ನಾಲ್ಕು ಸಾಲು

ಆಗಸ್ಟ್‌ ಹೊತ್ತಿಗೆ ಗೋವಿನಜೋಳದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡಿದರೆ ಅನುಮಾನ ಮೊದಲು ನೀರಿನ ಮೇಲೆ, ಆಮೇಲೆ ಬೀಜದ ಮೇಲೆ. ಹಿಡಿದೆಳೆದರೆ ಗಿಡ ಸಲೀಸಾಗಿ ಕೈಗೆ ಬರುತ್ತದೆ. ಬೇರೇ ಇಲ್ಲ! ಬುಡ ಕೆದರಿದರೆ ಬಿಳಿ ಮೈ, ಕಂದು ತಲೆಯ ಗೊಣ್ಣೆಹುಳು ಕುಡಗೋಲಿನಂತೆ ಬಾಗಿ ಮಲಗಿರುತ್ತದೆ.

ಇದಕ್ಕೆಂದು ಮಣ್ಣಿಗೆ ಹಾಕಿದ ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ಎಲೆಯ ಹಸಿರು ನೋಡಿ ಹೇಳಲಾಗದು. ಅಮೆರಿಕದ ಮೆಕ್ಕೆಜೋಳಕ್ಕೆ ಬೀಳುವ ಬೇರುಹುಳು ಬೇರೆ ಜಾತಿಯದು, ನಮ್ಮಲ್ಲಿಲ್ಲ. ಆದರೆ ಅಲ್ಲಿನವರ ಪರೀಕ್ಷೆ ಎರವಲು ತರುವಂಥದ್ದು. ಗಿಡ ಅಗೆದು, ಬೇರು ತೊಳೆದು, ಎಷ್ಟು ಸುತ್ತಿನ ಬೇರು ಹೋಗಿದೆ ಎಂದು 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಪಕ್ಕದಲ್ಲೇ ಏನೂ ಹಾಕದ ಸಾಲು ಇರಲೇಬೇಕು. ನಮ್ಮ ರೈತರಿಗೆ ಕಷ್ಟವಾಗುವುದು ಇದೇ: ಕಣ್ಣಾರೆ ಕಂಡೂ ನಾಲ್ಕು ಸಾಲನ್ನು ಹುಳುವಿಗೆ ಬಿಡುವುದು. ಹುಳು ಹೊಲದ ತುಂಬ ಒಂದೇ ಸಮ ಇರುವುದಿಲ್ಲವಾದ್ದರಿಂದ ಅಂಥ ತುಂಡುಗಳು ನಾಲ್ಕೈದು ಕಡೆ ಬೇಕು. ಒಂದೇ ಮೂಲೆಯಲ್ಲಿ ನೋಡಿ ಮೆಚ್ಚಿದ ಔಷಧವನ್ನು ನಾನಂತೂ ನಂಬೆ.

ಹುನಗುಂದದ ಎರೆಯಲ್ಲಿ ಗೆದ್ದದ್ದು ಬಾದಾಮಿಯ ಕೆಂಗಲ್ಲ ಬೆಟ್ಟದ ಸುತ್ತಿನ ಮಸಾರಿಯಲ್ಲೂ ಗೆಲ್ಲುತ್ತದೆಂದಿಲ್ಲ. ಎರೆಯ ಜಿಗುಟು ಕಣಗಳು ಔಷಧವನ್ನು ಹಿಡಿದಿಟ್ಟುಕೊಂಡು ಹುಳುವಿನ ಬಾಯಿಗೆ ಬಿಡುವುದೇ ಕಡಿಮೆ. ಮರಳು ಬೆರೆತ ಮಸಾರಿಯಲ್ಲಿ ಒಂದು ಜೋರು ಮಳೆಗೆ ಅದು ಕೆಳಗಿಳಿದು ಹೋಗಬಹುದು. ಗೊಣ್ಣೆಹುಳುವಿಗೆ ಇಷ್ಟವಾದ ಮಣ್ಣೂ ಇಂಥದ್ದೇ. ಇಳಕಲ್ಲಿನತ್ತ ಹೋದರೆ ಒಂದೇ ಊರಿನ ಸೀಮೆಯೊಳಗೆ ಎರಡೂ ಸಿಗುತ್ತವೆ. ಅಂಗಡಿಯವರು ಕೊಡುವ ಪ್ರಮಾಣ ಮಾತ್ರ ಎರಡಕ್ಕೂ ಒಂದೇ!

ಮುಂಚೆ ಫೋರೇಟ್ ಹರಳು ಎರಚುತ್ತಿದ್ದರು. ಆ ಕಡುವಿಷಕ್ಕೆ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ. ಈಗ ಹಸಿರು ಬೂಜಿನ ಮೆಟಾರೈಜಿಯಂ ಪುಡಿಯನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಕಲೆಸಿ ಹಾಕಲು ಹೇಳುತ್ತಾರೆ. ಅದು ಹುಳುವಿನ ಮೈಮೇಲೆ ಮೊಳೆತು ಒಳಹೊಕ್ಕು ಕೊಲ್ಲಲು ಹಸಿಯೂ ಬೇಕು, ದಿನಗಳೂ ಬೇಕು. ವಾರದಲ್ಲೇ ಅಗೆದು ನೋಡಿ 'ಏನೂ ಆಗಿಲ್ಲ' ಎಂದರೆ ತಪ್ಪು ಪುಡಿಯದಲ್ಲ. ಹುಳು ಬಲಿತು ದಪ್ಪಗಾದ ಮೇಲೆ ಹಾಕಿದರೂ ಅಷ್ಟೇ. ಎಳೆಯದಿದ್ದಾಗಲೇ ಯಾವ ಔಷಧವಾದರೂ ನಾಟುವುದು.

ಅದಕ್ಕೂ ಮೊದಲಿನದೊಂದು ಗಳಿಗೆಯಿದೆ. ಅಡ್ಡಮಳೆ ಬಿದ್ದ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಗೊಣ್ಣೆಹುಳುವಿನ ದುಂಬಿಗಳು ನೆಲದಿಂದೆದ್ದು ಬದುವಿನ ಬೇವಿಗೋ ಜಾಲಿಗೋ ಮುತ್ತುತ್ತವೆ. ಎಲೆ ತಿಂದು, ಜೊತೆಗೂಡಿ, ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರಿ ಮೊಟ್ಟೆಯಿಡುತ್ತವೆ. ಆಗ ಟೊಂಗೆ ಅಲುಗಿಸಿ, ಉದುರಿದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಒಬ್ಬರ ಹೊಲದಲ್ಲಷ್ಟೇ ಮಾಡಿದರೆ ಪಕ್ಕದ ಬೇವಿನಿಂದ ಹಾರಿ ಬರುತ್ತವೆ. ಹಾಗಾಗಿ ಆ ನಾಲ್ಕು ಸಾಲಿನ ಲೆಕ್ಕ ಬರೆಯುವಾಗ ಪಕ್ಕದ ಬದುವಿನಲ್ಲಿ ಬೇವು ಎಷ್ಟಿವೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.