ಬ್ರಷ್ ಮಾಡುವಾಗ ರಕ್ತ ಬರುತ್ತಾ? ಹೃದಯಕ್ಕೂ ಇದಕ್ಕೂ ನಂಟಿದೆ

ಬ್ರಷ್ ಮಾಡಿ ಉಗಿದಾಗ ಬೇಸಿನ್‌ನಲ್ಲಿ ಕೆಂಪು ಕಂಡರೆ ನಾವು ಏನ್ಮಾಡ್ತೀವಿ? ನಲ್ಲಿ ತಿರುಗಿಸಿ ತೊಳೆದುಬಿಡ್ತೀವಿ. ಹೆಚ್ಚೆಂದರೆ ಬ್ರಷ್ ಬದಲಾಯಿಸ್ತೀವಿ. ಅದೇ ಕೈ ತೊಳೆಯುವಾಗ ದಿನಾ ರಕ್ತ ಬಂದಿದ್ದರೆ ಸುಮ್ಮನಿರುತ್ತಿದ್ದೆವಾ?

ಹಲ್ಲಿನ ಬುಡದಲ್ಲಿ ಕೂರುವ ಅಂಟಂಟು ಪದರ ಬ್ಯಾಕ್ಟೀರಿಯಾಗಳ ಬೀಡು. ಅದರಿಂದ ವಸಡು ಊದಿ ರಕ್ತ ಬರುತ್ತೆ. ಈ ಹಂತದಲ್ಲೇ ಎಚ್ಚೆತ್ತರೆ ಪೂರ್ತಿ ವಾಸಿಯಾಗುತ್ತೆ. ಬಿಟ್ಟರೆ ರೋಗ ಕೆಳಗಿಳಿದು, ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಸವೆಸುತ್ತೆ. ಹೋದ ಮೂಳೆ ತಾನಾಗಿ ಮರಳಿ ಬೆಳೆಯಲ್ಲ. ನೋವು ಕಡಿಮೆ ಇರೋದರಿಂದ ಗೊತ್ತಾಗೋದೂ ತಡವಾಗಿ. ಸಿಗರೇಟ್ ಸೇದುವವರಿಗಂತೂ ರಕ್ತವೂ ಅಷ್ಟಾಗಿ ಬರಲ್ಲ, ಎಲ್ಲಾ ಚೆನ್ನಾಗಿದೆ ಅಂದ್ಕೊಂಡಿರ್ತಾರೆ.

ಇದರಲ್ಲಿ ಹೃದಯದ ಮಾತು ಎಲ್ಲಿಂದ ಬಂತು? ಹೃದಯಾಘಾತವಾದವರ ಬಾಯಿಯ ಆರೋಗ್ಯ ಉಳಿದವರಿಗಿಂತ ಕೆಟ್ಟಿದೆ ಎಂದು 1989ರಲ್ಲಿ ಫಿನ್ಲೆಂಡಿನ ಸಂಶೋಧಕರು ವರದಿ ಮಾಡಿದ್ದರು. ಆಮೇಲೆ ಒಂದೊಂದೇ ಸುಳಿವು ಸಿಕ್ಕಿತು. ರೋಗ ಹಿಡಿದ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಸುಳುತ್ತವೆ, ಊಟ ಅಗಿಯುವಾಗಲೂ. ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರದಲ್ಲಿ ಅವುಗಳ ಡಿಎನ್‌ಎ ಪತ್ತೆಯಾಗಿದೆ. ವಸಡಿನ ಉರಿಯೂತ ಬಾಯಲ್ಲೇ ನಿಲ್ಲದೆ, ರಕ್ತಪರೀಕ್ಷೆಯ ಸಿಆರ್‌ಪಿ ಅಂಕಿಯನ್ನೂ ಏರಿಸಬಲ್ಲದು.

ನನಗೆ ಕುತೂಹಲ ಅನ್ನಿಸಿದ್ದು 2007ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗ. ವಸಡಿನ ರೋಗ ತೀವ್ರವಾಗಿದ್ದ 120 ಜನರಲ್ಲಿ ಒಂದು ಗುಂಪಿಗೆ ಆಳವಾದ ಚಿಕಿತ್ಸೆ, ಇನ್ನೊಂದಕ್ಕೆ ಮಾಮೂಲಿ ಕ್ಲೀನಿಂಗ್. ಆಳವಾದ ಚಿಕಿತ್ಸೆ ಪಡೆದವರ ರಕ್ತನಾಳಗಳ ಹಿಗ್ಗುವ ಶಕ್ತಿ ಮರುದಿನ ಕುಗ್ಗಿತ್ತು. ಆದರೆ ಆರು ತಿಂಗಳಾದಾಗ ಇನ್ನೊಂದು ಗುಂಪಿನವರಿಗಿಂತ ಚೆನ್ನಾಗಿತ್ತು!

ಹಾಗಂತ ‘ಹಲ್ಲುಜ್ಜಿದ್ರೆ ಹಾರ್ಟ್ ಅಟ್ಯಾಕ್ ಆಗಲ್ಲ’ ಅಂತ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಎರಡಕ್ಕೂ ನಂಟಿರುವುದು ನಿಜ, ಒಂದು ಇನ್ನೊಂದಕ್ಕೆ ಕಾರಣ ಅನ್ನೋಕೆ ಪುರಾವೆ ಸಾಲದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿತ್ತು. ಸಿಗರೇಟು, ಸಕ್ಕರೆ ಕಾಯಿಲೆ ಎರಡೂ ಕಡೆ ಹಾಳು ಮಾಡುತ್ತವೆ ಅನ್ನೋದೂ ಲೆಕ್ಕಕ್ಕೆ ಬರಬೇಕು. ಬಿಪಿ, ಕೊಲೆಸ್ಟರಾಲ್ ನೋಡಿಸಿಕೊಳ್ಳೋದು ಬಿಟ್ಟು ಬರೀ ಮೌತ್‌ವಾಶ್ ನಂಬಿಕೊಂಡರೆ ಆಗಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಮಾತಿದೆ: ಹಲ್ಲು ಕ್ಲೀನ್ ಮಾಡಿಸಿದ್ರೆ ಸಡಿಲ ಆಗುತ್ತೆ ಅಂತ. ಮೂಳೆ ಮೊದಲೇ ಸವೆದಿರುತ್ತೆ, ಗಟ್ಟಿಗಟ್ಟಿದ ಪಾಚಿ ಹಲ್ಲುಗಳನ್ನು ಹಿಡಿದುಕೊಂಡಿರುತ್ತೆ. ಅದನ್ನು ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತೆ, ಅಷ್ಟೇ. ಆ ಪಾಚಿ ಯಾವ ಪೇಸ್ಟಿಗೂ ಬಗ್ಗಲ್ಲ, ಡೆಂಟಿಸ್ಟೇ ತೆಗೆಯಬೇಕು. ಮನೆಯಲ್ಲಿ ನಾವು ಮಾಡಬೇಕಾದ್ದು ದಿನಕ್ಕೆರಡು ಸಲ ಎರಡೆರಡು ನಿಮಿಷ ಬ್ರಷ್ ಮಾಡೋದು, ಹಲ್ಲುಗಳ ಸಂದಿಯನ್ನೂ ಶುಚಿ ಮಾಡೋದು. ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಉಜ್ಜಿದರೆ ಇನ್ನಷ್ಟು ಕೆಡುತ್ತೆ.

ಸ್ಟೆಂಟ್ ಹಾಕಿಸಿಕೊಂಡ ಅಪ್ಪನನ್ನು ಕರ್ಕೊಂಡು ಹೋಗುವಾಗ ಮಾತ್ರೆಗಳ ಚೀಟಿ ಜೊತೆಗಿರಲಿ, ಡೆಂಟಿಸ್ಟ್‌ಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ಅದನ್ನು ಹೃದಯದ ಡಾಕ್ಟರೇ ಹೇಳಬೇಕು.